ಬೈಕಿನಲ್ಲಿ ಕರ್ನಾಟಕ ಸುತ್ತಿ ದೇಣಿಗೆ ಕೂಡಿಸಬೇಕೆ? ಹೊರಡುವ ಮುನ್ನ ಮಾಡಬೇಕಾದ ತಯಾರಿ

ಒಂದು ಒಳ್ಳೆಯ ಕೆಲಸಕ್ಕೆ ದುಡ್ಡು ಕೂಡಿಸಲು ದೂರದ ಬೈಕ್ ಯಾತ್ರೆ ಹೊರಡುವವರು ಮೊದಲು ಯೋಚಿಸುವುದು ಬೈಕಿನ ಬಗ್ಗೆ. ಯಾವ ಟೈರ್, ಯಾವ ಬ್ಯಾಗ್, ಯಾವ ಜಾಕೆಟ್ ಅಂತ. ನನ್ನ ಪ್ರಕಾರ ಈ ಕ್ರಮ ಉಲ್ಟಾ ಆಗಬೇಕು. ದುಡ್ಡು ಯಾರಿಗೆ ಹೋಗುತ್ತದೆ, ಹೇಗೆ ಹೋಗುತ್ತದೆ ಎಂಬುದು ಮೊದಲು ತೀರ್ಮಾನವಾಗಲಿ. ಆಮೇಲೆ ದಾರಿ, ಆಮೇಲೆ ಬೈಕು ಮತ್ತು ಮೈ. ಜನ ದುಡ್ಡು ಕೊಡುವುದು ನಿಮ್ಮ ಬೈಕ್ ನೋಡಿ ಅಲ್ಲ, ನಿಮ್ಮ ಮೇಲಿನ ನಂಬಿಕೆಯಿಂದ. ಆ ನಂಬಿಕೆ ಉಳಿಯಬೇಕಾದರೆ ಲೆಕ್ಕ ಶುದ್ಧವಾಗಿರಬೇಕು, ನೀವೂ ಸುರಕ್ಷಿತವಾಗಿ ಮನೆಗೆ ಮರಳಬೇಕು. ಮಿಕ್ಕದ್ದೆಲ್ಲ ಈ ಎರಡಕ್ಕೆ ಪೂರಕ.

ಉದಾಹರಣೆಗೆ ಬೆಂಗಳೂರಿನಿಂದ ಹೊರಟು ಕರಾವಳಿ, ಕಿತ್ತೂರು ಕರ್ನಾಟಕ (ಹಿಂದಿನ ಮುಂಬೈ ಕರ್ನಾಟಕ), ಬೀದರ್, ರಾಯಚೂರು, ಬಳ್ಳಾರಿ ಮುಟ್ಟಿ ವಾಪಸ್ ಬರುವ ಸುತ್ತನ್ನೇ ತೆಗೆದುಕೊಳ್ಳೋಣ. ಒಟ್ಟು ಸುಮಾರು 2000 ಕಿ.ಮೀ. ಘಟ್ಟ, ಕಡಲು, ಕರಿಮಣ್ಣಿನ ಬಯಲು ಎಲ್ಲವೂ ಸಿಗುತ್ತದೆ. ಹೊರಡುವ ದಿನಕ್ಕಿಂತ ಮೂರು ತಿಂಗಳು ಮುಂಚೆ ತಯಾರಿ ಶುರುಮಾಡಿ.

ಮೊದಲ ತಿಂಗಳು: ದುಡ್ಡಿನ ದಾರಿ

ಸಂಸ್ಥೆಯನ್ನು ಆರಿಸುವಾಗ ಅದರ ಹೆಸರು ಎಷ್ಟು ದೊಡ್ಡದು ಎಂಬುದಕ್ಕಿಂತ ಕಾಗದಪತ್ರ ಸರಿಯಿದೆಯೇ ನೋಡಿ. ಟ್ರಸ್ಟ್ ಅಥವಾ ಸೊಸೈಟಿಯಾಗಿ ನೋಂದಣಿ ಆಗಿದೆಯೇ? ಕೇಂದ್ರ ಸರ್ಕಾರದ ಎನ್‌ಜಿಒ ದರ್ಪಣ್ ಪೋರ್ಟಲ್‌ನಲ್ಲಿ ಹೆಸರಿದೆಯೇ? ದೇಣಿಗೆಗೆ ತೆರಿಗೆ ರಿಯಾಯಿತಿಯ ಅನುಮೋದನೆ, ಅಂದರೆ ಜನ 80ಜಿ ಎಂದು ಕರೆಯುವುದು, ಚಾಲ್ತಿಯಲ್ಲಿದೆಯೇ? ಹಿಂದಿನ ವರ್ಷದ ಆಡಿಟ್ ಆದ ಲೆಕ್ಕ ಕೇಳಿ. ಕೊಡಲು ಹಿಂದೇಟು ಹಾಕಿದರೆ ಬೇರೆ ಸಂಸ್ಥೆ ನೋಡಿ. ಮುಜುಗರ ಪಡಬೇಡಿ, ನಾಳೆ ಇದೇ ಪ್ರಶ್ನೆಯನ್ನು ಜನ ನಿಮ್ಮನ್ನು ಕೇಳುತ್ತಾರೆ.

ಕಾಗದ ನೋಡಿದ ಮೇಲೆ ಒಂದು ದಿನ ಆ ಜಾಗಕ್ಕೆ ಹೋಗಿ ಬನ್ನಿ. ಆಸ್ಪತ್ರೆಯಾದರೆ ಕಾಯುವ ಸಾಲಿನಲ್ಲಿ ಕೂತು ಮಾತಾಡಿ. ಬೆಂಗಳೂರಿನ ಕಿದ್ವಾಯಿಯಂಥ ಕ್ಯಾನ್ಸರ್ ಆಸ್ಪತ್ರೆಯ ಅಂಗಳದಲ್ಲಿ ನಿಂತರೆ ಗೊತ್ತಾಗುತ್ತದೆ, ಬೀದರ್, ರಾಯಚೂರಿನಿಂದ ಬಂದವರಿಗೆ ಚಿಕಿತ್ಸೆಯಷ್ಟೇ ದೊಡ್ಡ ಚಿಂತೆ ಉಳಿದುಕೊಳ್ಳುವ ಜಾಗ ಮತ್ತು ಊಟದ್ದು. ಒಂದು ಲಕ್ಷ ರೂಪಾಯಿ ಬಂದರೆ ಏನು ಮಾಡುತ್ತೀರಿ ಎಂದು ಸಂಸ್ಥೆಯವರನ್ನು ನೇರವಾಗಿ ಕೇಳಿ, ಉತ್ತರವನ್ನು ಬರೆದುಕೊಳ್ಳಿ. ಜನರ ಮುಂದೆ ನಿಂತಾಗ ನಿಮಗೆ ಹೇಳಲು ಬೇಕಾಗುವುದು ಆ ಒಂದೇ ವಾಕ್ಯ.

ಅವರ ಹೆಸರು, ಲೋಗೊ ಬಳಸಲು ಲೆಟರ್‌ಹೆಡ್ ಮೇಲೆ ಒಪ್ಪಿಗೆ ಪತ್ರ ಪಡೆಯಿರಿ. ದಾರಿಯುದ್ದಕ್ಕೂ ಅದರ ಜೆರಾಕ್ಸ್ ಜೊತೆಗಿರಲಿ.

ಈಗ ಮುಖ್ಯ ವಿಷಯ. ದೇಣಿಗೆಯನ್ನು ನಿಮ್ಮ ಸ್ವಂತ ಖಾತೆಗೆ ಹಾಕಿಸಿಕೊಳ್ಳಬೇಡಿ, ಒಂದು ರೂಪಾಯಿ ಕೂಡ. ಸಂಬಂಧಿಕರಲ್ಲದವರಿಂದ ಬಂದ ಕೊಡುಗೆ ಒಂದು ಹಣಕಾಸು ವರ್ಷದಲ್ಲಿ 50,000 ರೂಪಾಯಿ ದಾಟಿದರೆ ಅದು ನಿಮ್ಮ ಆದಾಯವೆಂದೇ ಲೆಕ್ಕ, ತೆರಿಗೆ ಕಟ್ಟಬೇಕಾಗುತ್ತದೆ. ಕೊಟ್ಟವರಿಗೆ ರಸೀದಿಯೂ ಸಿಗುವುದಿಲ್ಲ. ಊರಿನವರ ಅನುಮಾನ ಬೇರೆ. ದುಡ್ಡು ನೇರ ಸಂಸ್ಥೆಯ ಖಾತೆಗೆ ಹೋಗಲಿ, ಇಲ್ಲವೇ ಮಿಲಾಪ್, ಕೆಟ್ಟೊ ತರಹದ ಆನ್‌ಲೈನ್ ದೇಣಿಗೆ ವೇದಿಕೆಯಲ್ಲಿ ಸಂಸ್ಥೆಯ ಹೆಸರಿನಲ್ಲೇ ಪುಟ ತೆರೆಯಿರಿ. ವೇದಿಕೆ ಎಷ್ಟು ಶುಲ್ಕ ಹಿಡಿಯುತ್ತದೆ ಎಂದು ಮೊದಲೇ ನೋಡಿ, ಅದನ್ನು ದಾನಿಗಳಿಗೂ ಹೇಳಿ.

ಕ್ಯೂಆರ್ ಕೋಡ್ ಸ್ಟಿಕರನ್ನು ಬೈಕಿನ ಬಾಕ್ಸ್ ಮೇಲೆ ಅಂಟಿಸುವುದು ಒಳ್ಳೆಯ ಉಪಾಯ. ಪ್ರಿಂಟ್ ಹಾಕಿಸಿದ ಮೇಲೆ ಬೇರೆಬೇರೆ ಫೋನಿನಿಂದ ಒಂದೊಂದು ರೂಪಾಯಿ ಕಳಿಸಿ ನೋಡಿ. ಪರದೆ ಮೇಲೆ ಯಾರ ಹೆಸರು ಬರುತ್ತದೆ ಎಂದು ಗಮನಿಸಿ. ಸಂಸ್ಥೆಯ ಹೆಸರನ್ನು ಅದೇ ಅಕ್ಷರಗಳಲ್ಲಿ ಸ್ಟಿಕರಿನ ಕೆಳಗೆ ದಪ್ಪಗೆ ಬರೆಸಿ. ‘ಈ ಹೆಸರು ಬಂದರೆ ಮಾತ್ರ ಹಣ ಕಳಿಸಿ’ ಎಂಬ ಸಾಲೂ ಇರಲಿ. ಲಾಡ್ಜಿನ ಮುಂದೆ ರಾತ್ರಿ ಬೈಕ್ ನಿಂತಿರುತ್ತದೆ, ಯಾರಾದರೂ ಬೇರೆ ಸ್ಟಿಕರ್ ಅಂಟಿಸಿ ಹೋಗಬಹುದು. ಬೆಳಿಗ್ಗೆ ಹೊರಡುವಾಗ ಒಮ್ಮೆ ಸ್ಕ್ಯಾನ್ ಮಾಡಿ ನೋಡುವ ರೂಢಿ ಇಟ್ಟುಕೊಳ್ಳಿ.

ಆದರೂ ಚಹಾದಂಗಡಿಯಲ್ಲಿ ಯಾರೋ ಹಿರಿಯರು ಜೇಬಿನಿಂದ ಇಪ್ಪತ್ತರ ನೋಟು ತೆಗೆದು ‘ತಗೊಳ್ಳಪ್ಪ, ಒಳ್ಳೇ ಕೆಲಸ’ ಅಂತ ಕೈಗಿಡುತ್ತಾರೆ. ಬೇಡ ಅನ್ನುವುದು ಅವರಿಗೆ ಮಾಡುವ ಅವಮಾನ. ಅದಕ್ಕೇ ಸಂಸ್ಥೆಯ ಸೀಲಿರುವ, ನಂಬರ್ ಹಾಕಿದ ರಸೀದಿ ಪುಸ್ತಕವನ್ನು ಕೇಳಿ ಪಡೆದುಕೊಂಡಿರಿ. ಇಪ್ಪತ್ತು ರೂಪಾಯಿಗೂ ರಸೀದಿ ಹರಿದು ಕೊಡಿ. ತೆರಿಗೆ ರಿಯಾಯಿತಿ ಬೇಕೆನ್ನುವವರು 2000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ಉಪಯೋಗವಿಲ್ಲ, ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಈ ರಿಯಾಯಿತಿಯೇ ಸಿಗುವುದಿಲ್ಲ. ಎರಡನ್ನೂ ಮೊದಲೇ ಹೇಳಿಬಿಡಿ.

ಅಮೆರಿಕದಲ್ಲೋ ದುಬೈಯಲ್ಲೋ ಇರುವ ಗೆಳೆಯರು ‘ನಾವೂ ಕೊಡ್ತೀವಿ’ ಅನ್ನುತ್ತಾರೆ. ಇಲ್ಲಿ ಜೋಪಾನ. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆ ಅನ್ನಿಸಿಕೊಳ್ಳುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದವರು ಕೊಟ್ಟರೆ ಅದು ವಿದೇಶಿ ದೇಣಿಗೆ, ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ ಸರಿಯೇ. ಅದನ್ನು ಪಡೆಯಲು ಸಂಸ್ಥೆಗೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ನೋಂದಣಿ ಬೇಕು. ಹಣ ಮೊದಲು ಬಂದು ಸೇರಬೇಕಾದದ್ದು ಎಸ್‌ಬಿಐನ ನವದೆಹಲಿ ಮುಖ್ಯ ಶಾಖೆಯಲ್ಲಿ ಸಂಸ್ಥೆ ತೆರೆದಿರುವ ಖಾತೆಗೆ. 2020ರ ತಿದ್ದುಪಡಿಯ ನಂತರ ಇದೇ ನಿಯಮ. ಸಂಸ್ಥೆಗೆ ಆ ನೋಂದಣಿ ಇಲ್ಲದಿದ್ದರೆ ಅಂಥ ಗೆಳೆಯರಿಗೆ ಪ್ರೀತಿಯಿಂದಲೇ ಬೇಡ ಅನ್ನಿ.

ಪೆಟ್ರೋಲ್, ಊಟ, ಲಾಡ್ಜ್ ಖರ್ಚು ನಿಮ್ಮ ಜೇಬಿನಿಂದಲೇ ಹೋಗಲಿ. 350 ಸಿಸಿ ಬೈಕ್ ಲೀಟರಿಗೆ 30ರಿಂದ 35 ಕಿ.ಮೀ. ಕೊಟ್ಟರೆ 2000 ಕಿ.ಮೀ.ಗೆ ಅರವತ್ತು ಚಿಲ್ಲರೆ ಲೀಟರ್ ಬೇಕು. ಅಂದರೆ ಆರೇಳು ಸಾವಿರ ರೂಪಾಯಿ. ಪ್ರಾಯೋಜಕರು ಸಿಕ್ಕರೆ ಆ ದುಡ್ಡನ್ನು ದೇಣಿಗೆಯಿಂದ ಪೂರ್ತಿ ಬೇರೆ ಇಡಿ. ‘ನೀವು ಕೊಟ್ಟ ಅಷ್ಟೂ ದುಡ್ಡು ಸಂಸ್ಥೆಗೆ, ನನ್ನ ಪ್ರಯಾಣ ನನ್ನ ಖರ್ಚಿನಲ್ಲಿ’ ಎಂದು ಹೇಳುವಂತಿದ್ದರೆ ಅರ್ಧ ಕೆಲಸ ಮುಗಿದಂತೆ.

‘ಕಿ.ಮೀ.ಗೆ ಒಂದು ರೂಪಾಯಿ’ ಎಂಬ ಲೆಕ್ಕದಲ್ಲಿ ದೇಣಿಗೆ ಕೇಳುವುದು ಎಲ್ಲರಿಗೂ ಇಷ್ಟ. ಕೇಳುವವರಿಗೂ ಸುಲಭ, ಕೊಡುವವರಿಗೂ ಅರ್ಥವಾಗುತ್ತದೆ. ಆದರೆ ದುಡ್ಡನ್ನು ‘ಮುಗಿಸಿದರೆ ಮಾತ್ರ’ ಎಂಬ ಷರತ್ತಿಗೆ ಕಟ್ಟಬೇಡಿ. ಐದನೇ ದಿನ ಜ್ವರ ಬಂದಾಗ, ಮುಂದೆ ದಾರಿ ಕೆಟ್ಟಾಗ, ‘ನಾನು ನಿಂತರೆ ಮಕ್ಕಳ ಔಷಧಿಯ ದುಡ್ಡು ನಿಲ್ಲುತ್ತದೆ’ ಎಂಬ ಒತ್ತಡದಲ್ಲಿ ನೀವು ಬೈಕ್ ಹತ್ತುತ್ತೀರಿ. ಅದು ಅಪಾಯ. ಹೊರಡುವ ಮೊದಲೇ ಕೊಟ್ಟುಬಿಡಿ ಎಂದು ಕೇಳಿ. ಆಗ ಯಾವ ಊರಿನಲ್ಲಿ ಬೇಕಾದರೂ ನೀವು ನಿಶ್ಚಿಂತೆಯಿಂದ ಯಾತ್ರೆ ನಿಲ್ಲಿಸಬಹುದು.

ಯಾವಾಗ ಹೊರಡಬೇಕು, ಎಷ್ಟು ಓಡಿಸಬೇಕು

ಜೂನ್‌ನಿಂದ ಸೆಪ್ಟೆಂಬರ್ ಬೇಡವೇ ಬೇಡ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66ರ ಮೇಲೆಯೇ ಬಿತ್ತು, ಜೀವಗಳೂ ಹೋದವು. ಮೂರು ವಾರ ಕಳೆದ ಬೆನ್ನಿಗೇ ಕಾರವಾರದ ಬಳಿ ಕಾಳಿ ನದಿಯ ಹಳೇ ಸೇತುವೆ ಕುಸಿಯಿತು. ಅದೇ ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲೂ ಮಣ್ಣು ಜರಿದು ಸಂಚಾರ ನಿಂತಿತ್ತು. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ, ರಾಯಚೂರಿನಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಆ ಬಿಸಿಲಲ್ಲಿ ಜಾಕೆಟ್, ಹೆಲ್ಮೆಟ್ ಹಾಕಿ ನಾಲ್ಕು ಗಂಟೆ ಕೂರುವುದು ಆಗದ ಮಾತು. ಹಾಗಾಗಿ ನವೆಂಬರ್ ಕೊನೆಯಿಂದ ಫೆಬ್ರವರಿ ಮಧ್ಯದವರೆಗೆ ಸರಿಯಾದ ಕಾಲ. ಸಂಕ್ರಾಂತಿಯ ಹೊತ್ತಿಗೆ ವಿಜಯಪುರದಲ್ಲಿ ಸಿದ್ಧೇಶ್ವರ ಜಾತ್ರೆ ಇರುತ್ತದೆ. ಜನರನ್ನು ಭೇಟಿಯಾಗಲು ಒಳ್ಳೆಯ ಸಮಯ, ಆದರೆ ಲಾಡ್ಜ್ ಮುಂಚೆಯೇ ಗೊತ್ತುಮಾಡಿಕೊಳ್ಳಿ.

ದಿನಗಳನ್ನು ಹೀಗೆ ಹಂಚಬಹುದು. ಬೆಂಗಳೂರಿನಿಂದ ಹಾಸನ, ಸಕಲೇಶಪುರ, ಶಿರಾಡಿ ದಾಟಿ ಮಂಗಳೂರು, ಸುಮಾರು 350 ಕಿ.ಮೀ. ಎರಡನೇ ದಿನ ಉಡುಪಿ, ಭಟ್ಕಳ, ಕುಮಟಾ ಮೇಲಿಂದ ಕಾರವಾರ, 270. ಮೂರನೇ ದಿನ ಅರಬೈಲು ಘಾಟಿ ಹತ್ತಿ ಯಲ್ಲಾಪುರದ ಮೂಲಕ ಹುಬ್ಬಳ್ಳಿ, 165. ಅಲ್ಲಿ ಒಂದು ದಿನ ಬಿಡುವು. ಆಮೇಲೆ ನವಲಗುಂದ, ನರಗುಂದ ದಾಟಿ ವಿಜಯಪುರ, 200. ದಾರಿಯಲ್ಲಿ ಕೊಲ್ಹಾರದ ಗಡಿಗೆ ಮೊಸರು ಬಿಡಬೇಡಿ. ನಂತರ ಸಿಂದಗಿ, ಜೇವರ್ಗಿ ಮೇಲೆ ಕಲಬುರಗಿ, 160. ಅಲ್ಲಿಂದ ಹುಮನಾಬಾದ್ ಮೂಲಕ ಬೀದರ್, 115. ಬೀದರಿನಲ್ಲಿ ಇನ್ನೊಂದು ಬಿಡುವು. ವಾಪಸ್ಸಿಗೆ ಶಹಾಪುರದ ಕಡೆಯಿಂದ ರಾಯಚೂರು, ಅಲ್ಲಿಂದ ಬಳ್ಳಾರಿ, ಕೊನೆಗೆ ಚಳ್ಳಕೆರೆ, ಹಿರಿಯೂರು ದಾಟಿ ಬೆಂಗಳೂರು. ಒಂಬತ್ತು ದಿನ ಓಡಾಟ, ಎರಡು ದಿನ ಬಿಡುವು.

ದಿನಕ್ಕೆ ಇನ್ನೂರು ಕಿ.ಮೀ. ಕಡಿಮೆ ಆಯ್ತು ಅನ್ನಿಸಬಹುದು. ಖಾಲಿ ಹೆದ್ದಾರಿಯಲ್ಲಿ ದಿನಕ್ಕೆ ಐನೂರು ಓಡಿಸುವವರಿದ್ದಾರೆ, ಸರಿ. ಆದರೆ ಈ ಯಾತ್ರೆಯಲ್ಲಿ ಜನರನ್ನು ಕಂಡು ಮಾತಾಡುವುದೂ ಕೆಲಸವೇ. ಒಂದು ಕಾಲೇಜು, ಒಂದು ರೋಟರಿ ಸಭೆ, ಒಂದು ಕನ್ನಡ ಸಂಘ ಅಂದುಕೊಂಡರೂ ದಿನಕ್ಕೆ ಮೂರ್ನಾಲ್ಕು ಗಂಟೆ ಹೋಗುತ್ತದೆ.

ಅದರಲ್ಲೂ ಸನ್ಮಾನದ ವಿಷಯ. ಪ್ರತಿ ಊರಿನಲ್ಲೂ ಶಾಲು, ಹಾರ, ಪೇಟ, ಆಮೇಲೆ ನಾಲ್ಕು ಜನರ ಭಾಷಣ. ಅವರ ಪ್ರೀತಿ ದೊಡ್ಡದು, ಆದರೆ ಅತಿಥಿಗಳು ತಡವಾಗಿ ಬಂದು ಹನ್ನೊಂದಕ್ಕೆ ಶುರುವಾಗಬೇಕಾದದ್ದು ಒಂದೂವರೆಗೆ ಶುರುವಾದರೆ, ಉಳಿದ 150 ಕಿ.ಮೀ. ಕತ್ತಲಲ್ಲಿ ಓಡಿಸಬೇಕಾಗುತ್ತದೆ. ಅದಕ್ಕೇ ಕಾರ್ಯಕ್ರಮಗಳನ್ನೆಲ್ಲ ಸಂಜೆ, ಆ ದಿನದ ಊರು ತಲುಪಿದ ಮೇಲೆಯೇ ಇಟ್ಟುಕೊಳ್ಳಿ. ‘ಶಾಲು, ಹಾರ ಬೇಡ, ಆ ಖರ್ಚನ್ನು ಸಂಸ್ಥೆಗೆ ಕೊಡಿ’ ಎಂದು ಆಹ್ವಾನ ಬಂದಾಗಲೇ ತಿಳಿಸಿ. ಬೆಂಗಳೂರಿನ ಬೀಳ್ಕೊಡುಗೆಯೂ ಹಿಂದಿನ ದಿನ ಸಂಜೆಯೇ ಮುಗಿಯಲಿ. ಮಾರನೇ ದಿನ ಆರು ಗಂಟೆಗೆ ನೀವು ನೆಲಮಂಗಲ ದಾಟಿರಬೇಕು. ನೂರಾರು ಬೈಕುಗಳು ಸೇರುವ ಬೀಳ್ಕೊಡುಗೆಯಾದರೆ ಪೊಲೀಸರಿಗೆ ಮುಂಚಿತವಾಗಿ ಅರ್ಜಿ ಕೊಡಿ.

ಕತ್ತಲಾಗುವ ಮೊದಲು ಇಳಿದುಬಿಡಿ

ಜನವರಿಯಲ್ಲಿ ಆರೂಕಾಲರ ಹೊತ್ತಿಗೆ ಸೂರ್ಯ ಮುಳುಗುತ್ತಾನೆ. ಐದೂವರೆಗೆ ನೀವು ಊರು ಸೇರಿರಬೇಕು. ಇದು ಬರೀ ಮುಂಜಾಗ್ರತೆಯ ಮಾತಲ್ಲ. ಬಾಗಲಕೋಟೆ, ವಿಜಯಪುರದ ಕಡೆ ಈ ತಿಂಗಳುಗಳಲ್ಲಿ ಕಬ್ಬಿನ ಸೀಸನ್. ಒಂದು ಟ್ರ್ಯಾಕ್ಟರಿಗೆ ಎರಡು ಟ್ರೇಲರ್, ಎರಡೂ ಕಡೆ ಚಾಚಿಕೊಂಡ ಕಬ್ಬು. ಹಿಂದೆ ಲೈಟ್ ಇರುವುದಿಲ್ಲ, ಇದ್ದರೂ ಕಬ್ಬಿನ ಸೋಗೆಯಲ್ಲಿ ಮುಚ್ಚಿಹೋಗಿರುತ್ತದೆ. ಎದುರಿನ ಲಾರಿಯ ಹೈ ಬೀಮ್ ಕಣ್ಣಿಗೆ ಹೊಡೆಯುವ ಹೊತ್ತಿಗೆ ಇದು ಮುಂದೆ ನಿಂತಿದ್ದರೆ ಬ್ರೇಕ್ ಹಿಡಿಯಲು ಸಮಯವೇ ಸಿಗುವುದಿಲ್ಲ.

ಹಳೇ ಮೈಸೂರು ಕಡೆಯ ಒಳದಾರಿಗಳಲ್ಲಿ ಇನ್ನೊಂದು ತೊಂದರೆ. ಸುಗ್ಗಿಯಲ್ಲಿ ರಾಗಿ, ಹುರುಳಿಯನ್ನು ರಸ್ತೆ ಮೇಲೆಯೇ ಹರಡಿ ಒಕ್ಕಣೆ ಮಾಡುತ್ತಾರೆ. ದೂರದಿಂದ ನೋಡಿದರೆ ಬರೀ ಹುಲ್ಲು ಅನ್ನಿಸುತ್ತದೆ. ಕಾರಿಗೆ ಅದೇನೂ ಅಲ್ಲ, ಬೈಕಿನ ಮುಂದಿನ ಚಕ್ರ ಮಾತ್ರ ಕಾಳಿನ ಮೇಲೆ ಜಾರುತ್ತದೆ. ರಾಶಿ ಕಂಡ ಕೂಡಲೇ, ಅದರ ಮೇಲೆ ಹತ್ತುವ ಮೊದಲೇ ವೇಗ ಇಳಿಸಿ. ಮೇಲೆ ಹೋದಾಗ ಮುಂದಿನ ಬ್ರೇಕ್ ಮುಟ್ಟಬೇಡಿ, ಹ್ಯಾಂಡಲ್ ತಿರುಗಿಸಬೇಡಿ, ಕ್ಲಚ್ ಹಿಡಿದು ನೇರ ಸಾಗಿ. ಹುರುಳಿಯ ಬಳ್ಳಿ ಚೈನಿಗೆ ಸುತ್ತಿಕೊಳ್ಳುವುದೂ ಉಂಟು, ದಾಟಿದ ಮೇಲೆ ನಿಲ್ಲಿಸಿ ನೋಡಿ.

ಹೆದ್ದಾರಿಯಲ್ಲಿ 80 ಸಾಕು. ಮೈಸೂರು ಕಡೆಯಿಂದ ಸುತ್ತುವ ಯೋಚನೆ ಇದ್ದರೆ ನೆನಪಿರಲಿ, ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕಿಗೆ ಪ್ರವೇಶವಿಲ್ಲ. ಸರ್ವಿಸ್ ರಸ್ತೆಯಲ್ಲೇ ಹೋಗಬೇಕು.

ಬೈಕು

ದೊಡ್ಡ ಬೈಕೇ ಬೇಕೆಂದಿಲ್ಲ. ಸರಿಯಾಗಿ ನೋಡಿಕೊಂಡ ಸ್ಪ್ಲೆಂಡರ್‌ನಲ್ಲೂ ಈ ಸುತ್ತು ಮುಗಿಯುತ್ತದೆ, ಸ್ವಲ್ಪ ನಿಧಾನ ಅಷ್ಟೆ. ನೀವು ದಿನಾ ಓಡಿಸುವ, ಅದರ ಸದ್ದಿನಲ್ಲಿ ಏನು ಬದಲಾದರೂ ಗೊತ್ತಾಗುವ ಬೈಕೇ ಒಳ್ಳೆಯದು. ಸರ್ವಿಸನ್ನು ಹಿಂದಿನ ದಿನ ಮಾಡಿಸಬೇಡಿ. ಎರಡು ವಾರ ಮೊದಲೇ ಮಾಡಿಸಿ, ಆಮೇಲೆ ಮುನ್ನೂರು ಕಿ.ಮೀ.ಯಾದರೂ ಓಡಿಸಿ. ಬಿಗಿಯದೇ ಉಳಿದ ಬೋಲ್ಟ್, ಸೋರುವ ಗ್ಯಾಸ್ಕೆಟ್ ಎಲ್ಲ ಆಗ ಹೊರಬೀಳುತ್ತವೆ.

ಟೈರನ್ನು ಬರೀ ಕಣ್ಣಳತೆಯಲ್ಲಿ ನೋಡಬೇಡಿ. ಪಕ್ಕದ ಗೋಡೆಯಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ. 2322 ಅಂತ ಇದ್ದರೆ 2022ರ 23ನೇ ವಾರದಲ್ಲಿ ತಯಾರಾದದ್ದು. ಹೂವು, ಅಂದರೆ ಟೈರಿನ ಮೇಲಿನ ಉಬ್ಬುತಗ್ಗಿನ ಅಚ್ಚು, ಚೆನ್ನಾಗಿದ್ದರೂ ರಬ್ಬರ್ ಹಳತಾಗಿ ಗಟ್ಟಿಯಾಗಿದ್ದರೆ ಘಾಟಿಯ ತಿರುವಿನಲ್ಲಿ ಹಿಡಿತ ಕೊಡುವುದಿಲ್ಲ. ಹೂವಿನ ಸಂದಿಯಲ್ಲಿರುವ ಸಣ್ಣ ಉಬ್ಬಿನ ಮಟ್ಟಕ್ಕೆ ಸವೆದಿದ್ದರೆ ಬದಲಾಯಿಸಿ. ಕಡ್ಡಿ ಚಕ್ರಗಳಲ್ಲಿ ಸಾಮಾನ್ಯವಾಗಿ ಟ್ಯೂಬ್ ಇರುತ್ತದೆ, ಹಾಗಾಗಿ ಮುಂದಿನದ್ದು ಹಿಂದಿನದ್ದು ಎರಡೂ ಟ್ಯೂಬ್ ಒಯ್ಯಿರಿ. ಟ್ಯೂಬ್‌ಲೆಸ್ ಆದರೆ ಪಂಕ್ಚರ್ ಕಿಟ್ ಮತ್ತು ಸಣ್ಣ ಪಂಪ್ ಸಾಕು. ಮನೆ ಮುಂದೆಯೇ ಒಮ್ಮೆ ಚಕ್ರ ಬಿಚ್ಚಿ ಹಾಕಿ ಕಲಿಯಿರಿ.

ಅನುಭವಸ್ಥರು ಮಾಡುವ ಒಂದು ಕೆಲಸ ನನಗೆ ತುಂಬಾ ಇಷ್ಟ. ಹೊಸ ಕ್ಲಚ್ ಕೇಬಲನ್ನು ಬ್ಯಾಗಿನಲ್ಲಿ ಇಡುವುದಿಲ್ಲ. ಹಳೆಯದರ ಪಕ್ಕದಲ್ಲೇ, ಹ್ಯಾಂಡಲ್‌ನಿಂದ ಇಂಜಿನ್‌ವರೆಗೆ ಅದೇ ದಾರಿಯಲ್ಲಿ ಹಾಯಿಸಿ ಎರಡು ಟೈ ಹಾಕಿ ಕಟ್ಟಿಬಿಡುತ್ತಾರೆ. ತುದಿಗಳಿಗೆ ಟೇಪ್ ಸುತ್ತಿ ಧೂಳು ಹೋಗದಂತೆ ಮಾಡಿರುತ್ತಾರೆ. ಕಾಡಿನ ಮಧ್ಯೆ ಕೇಬಲ್ ತುಂಡಾದರೆ ಟ್ಯಾಂಕ್ ಬಿಚ್ಚುವ ಗೋಜಿಲ್ಲ. ಹಳೆಯದರ ಎರಡು ತುದಿ ಕಳಚಿ ಹೊಸದನ್ನು ಸಿಕ್ಕಿಸಿದರೆ ಆಯಿತು.

ಚೈನಿಗೆ ಸುಮಾರು 500 ಕಿ.ಮೀ.ಗೊಮ್ಮೆ ಎಣ್ಣೆ ಬಿಡಿ, ಸಡಿಲ ಎಷ್ಟಿರಬೇಕೆಂದು ನಿಮ್ಮ ಬೈಕಿನ ಮ್ಯಾನುಯಲ್‌ನಲ್ಲಿ ನೋಡಿ. ಬ್ರೇಕ್ ಪ್ಯಾಡ್, ಬ್ರೇಕ್ ಆಯಿಲ್, ಬ್ಯಾಟರಿ, ಬಲ್ಬ್ ನೋಡಿಸಿ. ಟ್ಯಾಂಕ್ ಅರ್ಧವಾದಾಗಲೇ ತುಂಬಿಸುವುದು ಅಭ್ಯಾಸವಾಗಲಿ.

ಸಾಮಾನು ಕಟ್ಟುವಾಗ ಭಾರದ್ದು ಕೆಳಗೆ, ಎರಡೂ ಪಕ್ಕ ಸಮನಾಗಿ. ಕೊಕ್ಕೆ ಇರುವ ಇಲಾಸ್ಟಿಕ್ ಹಗ್ಗ ಬೇಡ. ಕೊಕ್ಕೆ ಕಳಚಿ ಹಗ್ಗ ಹಿಂದಿನ ಚಕ್ರಕ್ಕೆ ಸಿಕ್ಕರೆ ಚಕ್ರ ಅಲ್ಲೇ ಹಿಡಿದುಕೊಳ್ಳುತ್ತದೆ. ಬಕಲ್ ಇರುವ ಅಗಲ ಪಟ್ಟಿ ಬಳಸಿ, ಉಳಿದ ತುದಿಯನ್ನು ಒಳಗೆ ಸೇರಿಸಿ ಗಂಟು ಹಾಕಿ.

ಮೈ ಮತ್ತು ಮನಸ್ಸು

ನಂದಿ ಬೆಟ್ಟಕ್ಕೆ ಹೋಗಿ ಇಡ್ಲಿ ತಿಂದು ಬರುವುದು ತಾಲೀಮಲ್ಲ. ಚಿತ್ರದುರ್ಗಕ್ಕೆ ಹೋಗಿ ಅದೇ ದಿನ ಬನ್ನಿ, ಸುಮಾರು 400 ಕಿ.ಮೀ. ಮಾರನೇ ದಿನವೂ ಎದ್ದು ಇನ್ನೂರು ಓಡಿಸಿ. ನಿಜವಾದ ಪರೀಕ್ಷೆ ಆ ಎರಡನೇ ದಿನದ್ದು. ಮಣಿಕಟ್ಟು, ಸೊಂಟ, ಕತ್ತು ಎಲ್ಲಿ ನೋಯುತ್ತದೆ ಎಂದು ಆಗ ಗೊತ್ತಾಗುತ್ತದೆ. ಹ್ಯಾಂಡಲ್ ಎತ್ತರ, ಸೀಟ್ ಸರಿಮಾಡಿಸಲು ಇನ್ನೂ ಸಮಯವಿರುತ್ತದೆ. ತಾಲೀಮಿನಲ್ಲೂ ಪೂರ್ತಿ ಸಾಮಾನು ಹೇರಿಕೊಂಡೇ ಹೋಗಿ.

ಹೆಲ್ಮೆಟ್ ಮುಖ ಪೂರ್ತಿ ಮುಚ್ಚುವಂಥದ್ದು, ಐಎಸ್‌ಐ ಗುರುತಿನದ್ದು. ತಲೆಗೆ ಬಿಗಿಯಾಗಿ ಕೂರಬೇಕು, ಪಟ್ಟಿ ಹಾಕಿ ಹಿಂದಿನಿಂದ ಎತ್ತಿದರೆ ಕಳಚಬಾರದು. ಮೊಣಕೈ, ಭುಜ, ಬೆನ್ನು, ಮಂಡಿಗೆ ರಕ್ಷಾಕವಚ ಇರುವ ಜಾಕೆಟ್, ಪ್ಯಾಂಟ್, ಕಾಲ್ಗಿಣ್ಣು ಮುಚ್ಚುವ ಬೂಟು. ಗಾಳಿಯ ಸದ್ದು ತಲೆಯನ್ನು ಎಷ್ಟು ದಣಿಸುತ್ತದೆ ಎಂದು ಬಹಳ ಜನರಿಗೆ ಗೊತ್ತಿಲ್ಲ. ಸ್ಪಂಜಿನ ಇಯರ್ ಪ್ಲಗ್ ಹಾಕಿ ಒಂದು ದಿನ ಓಡಿಸಿ ನೋಡಿ.

ಬೆಳಿಗ್ಗೆ ಹಗುರ ತಿಂಡಿ, ಗಂಟೆಗೊಮ್ಮೆ ನೀರು, ಬಯಲುಸೀಮೆಯಲ್ಲಿ ಒಆರ್‌ಎಸ್. ಖಾನಾವಳಿಯ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಎದುರಿಗಿದ್ದರೆ ಕೈ ತಡೆಯುವುದು ಕಷ್ಟ. ಹೊಟ್ಟೆ ತುಂಬಾ ಉಂಡು ಕೂಡಲೇ ಬೈಕ್ ಹತ್ತಿದರೆ ಎರಡರಿಂದ ನಾಲ್ಕರ ನಡುವೆ ಕಣ್ಣು ಎಳೆಯುತ್ತದೆ. ಪೂರ್ತಿ ಊಟ ರಾತ್ರಿಗಿರಲಿ. ಕಣ್ಣು ಎಳೆದರೆ ಚಹಾ ಕುಡಿದು ಮುಂದುವರಿಯಬೇಡಿ, ನೆರಳಲ್ಲಿ ಇಪ್ಪತ್ತು ನಿಮಿಷ ಮಲಗಿ.

ಗುಂಪಾಗಿ ಹೋಗುವುದಾದರೆ ಆರೇಳು ಬೈಕಿಗಿಂತ ಜಾಸ್ತಿ ಬೇಡ. ದಾರಿ ಬಲ್ಲವರು ಮುಂದೆ, ರಿಪೇರಿ ಬಲ್ಲವರು ಕೊನೆಗೆ. ನಿಧಾನ ಓಡಿಸುವವರು ಎರಡನೆಯವರಾಗಿರಲಿ, ಗುಂಪಿನ ವೇಗ ಅವರದ್ದೇ.

ತುರ್ತು ಹೊತ್ತಿಗೆ

ಡಿಎಲ್, ಆರ್‌ಸಿ, ವಿಮೆ, ಹೊಗೆ ಪ್ರಮಾಣಪತ್ರ ಡಿಜಿಲಾಕರ್‌ನಲ್ಲಿದ್ದರೂ ಒಂದು ಪ್ರತಿ ಕಾಗದದಲ್ಲಿರಲಿ. ವಿಮೆಯಲ್ಲಿ ಮಾಲೀಕ-ಚಾಲಕರಿಗೆ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಇದೆಯೇ ನೋಡಿ. ಹಿಂದೆ ಕೂರುವವರಿಗೆ ಅದು ಅನ್ವಯಿಸುವುದಿಲ್ಲ, ಅವರಿಗೆ ಬೇರೆ ಮಾಡಿಸಿ.

ನಿಮ್ಮ ರಕ್ತದ ಗುಂಪು, ಯಾವ ಔಷಧಿ ಆಗುವುದಿಲ್ಲ, ಮನೆಯವರ ಎರಡು ಫೋನ್ ನಂಬರ್ ಇಷ್ಟನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದು ಜಾಕೆಟ್ಟಿನ ಎದೆಯ ಜೇಬಿನಲ್ಲಿಡಿ. ಸಹಾಯಕ್ಕೆ 112, ಆಂಬುಲೆನ್ಸಿಗೆ 108, ರಾಷ್ಟ್ರೀಯ ಹೆದ್ದಾರಿಯಲ್ಲಿದ್ದರೆ 1033. ರಸ್ತೆ ಅಪಘಾತದ ಗಾಯಾಳುಗಳಿಗೆ ಏಳು ದಿನದವರೆಗೆ 1.5 ಲಕ್ಷ ರೂಪಾಯಿ ಮಿತಿಯಲ್ಲಿ ನಗದುರಹಿತ ಚಿಕಿತ್ಸೆ ಕೊಡುವ ಕೇಂದ್ರದ ಯೋಜನೆ 2025ರಲ್ಲಿ ಜಾರಿಯಾಗಿದೆ. ಜೊತೆಗಾರರಿಗೂ ಇದು ಗೊತ್ತಿರಲಿ. ಬಿದ್ದವರ ಹೆಲ್ಮೆಟ್ಟನ್ನು ಗಡಿಬಿಡಿಯಲ್ಲಿ ಎಳೆಯಬಾರದು, ಕತ್ತಿಗೆ ಪೆಟ್ಟಾಗಿರಬಹುದು.

ಪ್ರತಿ ಸಂಜೆ ಊರು ತಲುಪಿದ ಮೇಲೆ ಮನೆಯಲ್ಲಿ ಒಬ್ಬರಿಗೆ ಫೋನ್. ಏಳು ಗಂಟೆಯವರೆಗೂ ಫೋನ್ ಬರದಿದ್ದರೆ ಅವರು ಏನು ಮಾಡಬೇಕು, ಯಾರಿಗೆ ಕರೆ ಮಾಡಬೇಕು ಎಂಬುದನ್ನೂ ಮುಂಚೆಯೇ ಮಾತಾಡಿಕೊಂಡಿರಿ.

ಫೋಟೊ, ಮತ್ತು ವಾಪಸ್ ಬಂದ ಮೇಲೆ

ದುಡ್ಡು ಜಾಸ್ತಿ ಬರಲಿ ಅಂತ ರೋಗಿಗಳ, ಅನಾಥಾಲಯದ ಮಕ್ಕಳ ಮುಖ ತೋರಿಸಬೇಡಿ. ಪಾಲನಾ ಸಂಸ್ಥೆಯ ಮಕ್ಕಳ ಗುರುತು ಬಯಲು ಮಾಡುವುದು ಕಾನೂನಿಗೂ ವಿರುದ್ಧ, ಮನುಷ್ಯತ್ವಕ್ಕೂ ವಿರುದ್ಧ. ದಾರಿಯ ಫೋಟೊ ಹಾಕಿ, ಅಡುಗೆಮನೆಯ, ಹೊಸ ಹಾಸಿಗೆಯ ಫೋಟೊ ಹಾಕಿ. ಅಷ್ಟಕ್ಕೇ ಜನ ಕೊಡುತ್ತಾರೆ.

ವಾಪಸ್ ಬಂದ ಮೇಲೆ ಹದಿನೈದು ದಿನದೊಳಗೆ ಲೆಕ್ಕ ಹೊರಗಿಡಿ. ಆನ್‌ಲೈನ್‌ನಲ್ಲಿ ಬಂದದ್ದೆಷ್ಟು, ರಸೀದಿ ಪುಸ್ತಕದಲ್ಲಿ ಎಷ್ಟು, ವೇದಿಕೆಯ ಶುಲ್ಕ ಎಷ್ಟು, ಸಂಸ್ಥೆ ಕೈಸೇರಿದ್ದು ಎಷ್ಟು. ಬಳಸದೇ ಉಳಿದ ರಸೀದಿಗಳನ್ನೂ ಪುಸ್ತಕದ ಸಮೇತ ವಾಪಸ್ ಕೊಟ್ಟು, ಹಣ ತಲುಪಿದ್ದಕ್ಕೆ ಸಂಸ್ಥೆಯಿಂದ ಪತ್ರ ಪಡೆದು ದಾನಿಗಳಿಗೆಲ್ಲ ಕಳಿಸಿ. ಬೈಕಿನ ಮೇಲಿನ ಕ್ಯೂಆರ್ ಸ್ಟಿಕರ್ ಕಿತ್ತುಹಾಕಿ, ಆನ್‌ಲೈನ್ ಪುಟ ಮುಚ್ಚಿಸಿ. ತೆರಿಗೆ ರಿಯಾಯಿತಿಗೆ ಬೇಕಾದ ದೇಣಿಗೆ ಪ್ರಮಾಣಪತ್ರ ಬರುವುದು ಸಾಮಾನ್ಯವಾಗಿ ಹಣಕಾಸು ವರ್ಷ ಮುಗಿದ ಮೇಲೆ. ಹಾಗಾಗಿ ಮೇ ತಿಂಗಳಲ್ಲಿ ಒಮ್ಮೆ ಸಂಸ್ಥೆಗೆ ಫೋನ್ ಮಾಡಿ, ಕೇಳಿದವರಿಗೆಲ್ಲ ಅದು ತಲುಪಿತೇ ಎಂದು ವಿಚಾರಿಸಿ. ಕೆಲವರಿಗೆ ಪ್ಯಾನ್ ನಂಬರ್ ತಪ್ಪಾಗಿ ನಮೂದಾಗಿರುತ್ತದೆ, ಅಂಥವರಿಗೆ ನೀವೇ ಮುಂದೆ ನಿಂತು ಸರಿಮಾಡಿಸಿಕೊಡಿ.